ಗಣಿಯ ದೂಳು ಕುಡಿದ ಶ್ವಾಸಕೋಶಕ್ಕೆ ನಾಲ್ಕು ತಿಂಗಳ ಕ್ಷಯ ಚಿಕಿತ್ಸೆ ಸಾಕೇ?

ಪ್ರಶ್ನೆ: ನಾವು ಬಂಗಾರಪೇಟೆ ತಾಲ್ಲೂಕಿನವರು. ನಮ್ಮ ಮಾವನವರಿಗೆ 61 ವರ್ಷ. ಕೆಜಿಎಫ್ ಚಿನ್ನದ ಗಣಿ ಮುಚ್ಚುವ ತನಕ ಭೂಮಿಯೊಳಗೆ ಡ್ರಿಲ್ಲಿಂಗ್ ಕೆಲಸ ಮಾಡಿದವರು, ಆಮೇಲೆ ಕೆಲವು ವರ್ಷ ಜಲ್ಲಿ ಕ್ರಷರ್‌ನಲ್ಲಿದ್ದರು. ಸಕ್ಕರೆ ಕಾಯಿಲೆ ಇದೆ. ಮೂರು ತಿಂಗಳಿನಿಂದ ಕೆಮ್ಮಿತ್ತು; ಮೊದಲು ತೋರಿಸಿದ ಕಡೆ ಕೆಮ್ಮಿನ ಸಿರಪ್ ಕೊಟ್ಟು ಕಳಿಸುತ್ತಿದ್ದರು. ಕಫವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಏನೂ ಇಲ್ಲ ಎಂದು ಬಂತು. ನಂತರ ಟ್ರೂನ್ಯಾಟ್ ಪರೀಕ್ಷೆಯಲ್ಲಿ ಕ್ಷಯ ಇದೆ, ರಿಫಾಂಪಿಸಿನ್ ಔಷಧಿಗೆ ಪ್ರತಿರೋಧ ಇಲ್ಲ ಎಂದು ಬಂದಿದೆ. ಎರಡು ವಾರದಿಂದ ಸರ್ಕಾರಿ ಮಾತ್ರೆ ನುಂಗುತ್ತಿದ್ದಾರೆ. ಎತ್ತರ ಐದಡಿ ನಾಲ್ಕಂಗುಲ, ತೂಕ 41 ಕೆ.ಜಿ. ಈಗ ನಾಲ್ಕು ತಿಂಗಳಲ್ಲಿ, ಎರಡೇ ತಿಂಗಳಲ್ಲಿ ಕ್ಷಯ ವಾಸಿಯಾಗುವ ಚಿಕಿತ್ಸೆ ಬಂದಿದೆ ಎಂದು ಮೊಬೈಲಿನಲ್ಲಿ ಓದಿದೆವು. ಅದನ್ನು ಕೇಳಿ ಪಡೆಯಬಹುದೇ? ಎರಡು ಪರೀಕ್ಷೆಗಳಲ್ಲಿ ಯಾವುದನ್ನು ನಂಬಬೇಕು? ಮನೆಯಲ್ಲಿ ಅತ್ತೆ, ನಾವಿಬ್ಬರು ಮತ್ತು ನಾಲ್ಕು ವರ್ಷದ ಮಗಳಿದ್ದೇವೆ. ನಾವೇನು ಮಾಡಬೇಕು?

ಉತ್ತರ: ನಿಮ್ಮ ಮಾವನವರು ಗಣಿಯಲ್ಲಿ ಡ್ರಿಲ್ಲಿಂಗ್ ಮಾಡುತ್ತಿದ್ದರು ಎಂಬ ಮಾತು ನಿಮ್ಮ ಪತ್ರದಲ್ಲಿ ನಡುವೆ ಬಂದು ಹಾಗೇ ಹೋಗಿದೆ. ಚಿಕಿತ್ಸೆಯ ಅವಧಿಯ ಮಟ್ಟಿಗೆ ಇಡೀ ಪತ್ರದಲ್ಲಿ ಅತಿ ಮುಖ್ಯವಾದ ಮಾಹಿತಿ ಅದೇ. ಆ ವಿಷಯ ಚಿಕಿತ್ಸೆ ಕೊಡುತ್ತಿರುವ ವೈದ್ಯರಿಗೆ ತಿಳಿದಿದೆಯೇ, ಕಡತದಲ್ಲಿ ದಾಖಲಾಗಿದೆಯೇ ಎಂಬುದನ್ನು ಮೊದಲು ಖಚಿತಪಡಿಸಿಕೊಳ್ಳಿ. ನೀವು ಓದಿದ ಸುದ್ದಿ ಸುಳ್ಳಲ್ಲ, ಆ ಸಂಶೋಧನೆಗಳು ನಿಜವಾಗಿಯೂ ನಡೆದಿವೆ. ಆದರೆ ಅವು ಯಾರ ಮೇಲೆ ನಡೆದವು ಎಂದು ನೋಡಿದರೆ, ನಿಮ್ಮ ಮಾವನವರಿಗೆ ನಾಲ್ಕು ತಿಂಗಳು ಸಾಲದು ಎನ್ನುವುದಷ್ಟೇ ಅಲ್ಲ, ಆರು ತಿಂಗಳೂ ಸಾಲದೆ ಹೋಗಬಹುದು.

ಪರೀಕ್ಷೆಯ ಗೊಂದಲವನ್ನು ಮೊದಲು ಬಗೆಹರಿಸೋಣ. ಸೂಕ್ಷ್ಮದರ್ಶಕದಲ್ಲಿ ಕ್ಷಯದ ಬ್ಯಾಕ್ಟೀರಿಯಾ ಕಣ್ಣಿಗೆ ಬೀಳಬೇಕಾದರೆ ಒಂದು ಮಿಲಿಲೀಟರ್ ಕಫದಲ್ಲಿ ಅವು ಸುಮಾರು ಹತ್ತು ಸಾವಿರದಷ್ಟಾದರೂ ಇರಬೇಕಾಗುತ್ತದೆ. ಟ್ರೂನ್ಯಾಟ್ ಅಥವಾ ಸಿಬಿನ್ಯಾಟ್ ಯಂತ್ರ ಬ್ಯಾಕ್ಟೀರಿಯಾದ ಡಿಎನ್‌ಎಯನ್ನು ಹುಡುಕುವುದರಿಂದ ನೂರರ ಆಸುಪಾಸಿನಲ್ಲಿದ್ದರೂ ಗುರುತಿಸಬಲ್ಲದು. ಆದ್ದರಿಂದ ಮೊದಲನೆಯದು ಇಲ್ಲ ಎಂದು, ಎರಡನೆಯದು ಇದೆ ಎಂದು ಬಂದರೆ ಅದರಲ್ಲಿ ವಿರೋಧವೇನೂ ಇಲ್ಲ. ಟ್ರೂನ್ಯಾಟ್ ಫಲಿತಾಂಶವನ್ನೇ ನಂಬಿ. ಗೋವಾದ ಕಂಪನಿಯೊಂದು ತಯಾರಿಸುವ ಈ ಯಂತ್ರಕ್ಕೆ 2020ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಒಪ್ಪಿಗೆ ದೊರೆತಿದೆ. ಬ್ಯಾಟರಿಯಲ್ಲೂ ನಡೆಯುವುದರಿಂದ ತಾಲ್ಲೂಕು ಮಟ್ಟಕ್ಕೂ, ಅದಕ್ಕಿಂತ ಕೆಳಗಿನ ಆಸ್ಪತ್ರೆಗಳಿಗೂ ಬಂದಿದೆ. ಒಂದು ಎಚ್ಚರಿಕೆ ಮಾತ್ರ ಇರಲಿ. ಸತ್ತ ಬ್ಯಾಕ್ಟೀರಿಯಾದ ಡಿಎನ್‌ಎ ಕೂಡ ಯಂತ್ರಕ್ಕೆ ಸಿಗುತ್ತದೆಯಾದ್ದರಿಂದ ಚಿಕಿತ್ಸೆ ಫಲಿಸುತ್ತಿದೆಯೇ ಎಂದು ನೋಡಲು ಟ್ರೂನ್ಯಾಟ್ ಮತ್ತೆ ಮಾಡಿಸುವುದು ಪ್ರಯೋಜನಕ್ಕೆ ಬರುವುದಿಲ್ಲ; ಅದಕ್ಕೆ ಸೂಕ್ಷ್ಮದರ್ಶಕ ಮತ್ತು ಕಲ್ಚರ್ (ಬ್ಯಾಕ್ಟೀರಿಯಾವನ್ನು ಪ್ರಯೋಗಾಲಯದಲ್ಲಿ ಬೆಳೆಸಿ ನೋಡುವ) ಪರೀಕ್ಷೆಗಳೇ ಬೇಕು. ಎರಡು ತಿಂಗಳಿಗೆ ಕಫ ಕೊಡುವಾಗ ಬೆಳಿಗ್ಗೆ ಎದ್ದ ಕೂಡಲೇ ಬಾಯಿ ಮುಕ್ಕಳಿಸಿ, ಎರಡು ಮೂರು ಬಾರಿ ಆಳವಾಗಿ ಉಸಿರೆಳೆದು, ಎದೆಯಿಂದ ಕೆಮ್ಮಿ ತೆಗೆದ ಗಟ್ಟಿ ಕಫವನ್ನೇ ಡಬ್ಬಿಗೆ ಹಾಕಿಸಿ. ತೆಳ್ಳಗೆ ನೊರೆನೊರೆಯಾಗಿರುವ ಎಂಜಲು ಕೊಟ್ಟರೆ ಎಂಥ ಯಂತ್ರವಾದರೂ ಇಲ್ಲ ಎಂದೇ ಹೇಳುತ್ತದೆ.

ಕೆಮ್ಮಿಗೆ ಸಿರಪ್ ಕೊಟ್ಟು ಕಳಿಸಿದರು ಎಂದು ಬರೆದಿದ್ದೀರಿ. ಇದು ನಮ್ಮ ಭಾಗಕ್ಕೆ ಹೊಸದಲ್ಲ. 1960ರ ದಶಕದ ಆರಂಭದಲ್ಲಿ ಬೆಂಗಳೂರಿನ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯವರು ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ ನಡೆಸಿ 1963ರಲ್ಲಿ ಪ್ರಕಟಿಸಿದ ಅಧ್ಯಯನ ಜಗತ್ತಿನ ಕ್ಷಯ ನಿಯಂತ್ರಣದ ದಿಕ್ಕನ್ನೇ ಬದಲಿಸಿತು. ಹಳ್ಳಿಯವರಿಗೆ ಕಾಯಿಲೆಯ ಅರಿವಿರುವುದಿಲ್ಲ ಎಂಬುದು ಅಂದಿನ ನಂಬಿಕೆಯಾಗಿತ್ತು. ಮನೆಮನೆಗೆ ಹೋಗಿ ವಿಚಾರಿಸಿದಾಗ ರೋಗಿಗಳಲ್ಲಿ ಹೆಚ್ಚಿನವರಿಗೆ ತಮ್ಮ ಲಕ್ಷಣಗಳ ಅರಿವಿತ್ತು, ಅರ್ಧದಷ್ಟು ಮಂದಿ ಆಗಲೇ ಚಿಕಿತ್ಸೆ ಹುಡುಕಿಕೊಂಡು ಹೋಗಿದ್ದರು, ಹೋದವರಿಗೆ ಸಿಕ್ಕಿದ್ದು ಬಹುಮಟ್ಟಿಗೆ ಕೆಮ್ಮಿನ ಔಷಧಿ ಎಂಬುದು ಗೊತ್ತಾಯಿತು. ಆರು ದಶಕ ಕಳೆದರೂ ನಿಮ್ಮ ಮನೆಯಲ್ಲಿ ಅದೇ ನಡೆದಿರುವುದು ವೈದ್ಯನಾದ ನನಗೆ ಸಂಕೋಚದ ವಿಷಯ. ಎರಡು ವಾರ ದಾಟಿದ ಯಾವ ಕೆಮ್ಮಿಗೂ ಕಫ ಪರೀಕ್ಷೆಯಾಗಬೇಕು.

ಈಗ ದೂಳಿನ ವಿಷಯ. ಕೋಲಾರದ ಚಿನ್ನ ಇದ್ದದ್ದು ಗಟ್ಟಿ ಬೆಣಚು ಕಲ್ಲಿನೊಳಗೆ. ಅದನ್ನು ಕೊರೆದಾಗ ಏಳುವ ದೂಳು ಬಹುಪಾಲು ಸಿಲಿಕಾ. ಕಣ್ಣಿಗೆ ಕಾಣುವ ದಪ್ಪ ದೂಳು ಮೂಗು ಗಂಟಲಿನಲ್ಲೇ ನಿಲ್ಲುತ್ತದೆ. ಕಾಣದಷ್ಟು ನುಣುಪಾದದ್ದು ಶ್ವಾಸಕೋಶದ ತುದಿಯ ಗಾಳಿಗೂಡುಗಳವರೆಗೆ ಇಳಿಯುತ್ತದೆ. ಅಲ್ಲಿ ಹೊರಗಿನಿಂದ ಬಂದದ್ದನ್ನು ನುಂಗಿ ಹಾಕಲೆಂದೇ ಇರುವ ಜೀವಕೋಶಗಳು ಸಿಲಿಕಾ ಕಣವನ್ನು ನುಂಗುತ್ತವೆ, ಅರಗಿಸಿಕೊಳ್ಳಲಾರದೆ ಸಾಯುತ್ತವೆ, ಸುತ್ತ ಗಾಯವಾಗಿ ಗಂಟು ಕಟ್ಟುತ್ತದೆ. ಇದೇ ಸಿಲಿಕೋಸಿಸ್. ಕ್ಷಯದ ಬ್ಯಾಕ್ಟೀರಿಯಾವನ್ನು ಹಿಡಿದು ಕೊಲ್ಲಬೇಕಾದದ್ದೂ ಇದೇ ಜೀವಕೋಶಗಳಾದ್ದರಿಂದ ದೂಳು ಹೊಕ್ಕ ಶ್ವಾಸಕೋಶದಲ್ಲಿ ಕ್ಷಯ ಸುಲಭವಾಗಿ ನೆಲೆಯೂರುತ್ತದೆ, ಗಟ್ಟಿಯಾದ ಗಂಟುಗಳೊಳಗೆ ಔಷಧಿಯೂ ಸರಿಯಾಗಿ ಇಳಿಯುವುದಿಲ್ಲ. ಕೆಜಿಎಫ್ ಕಾರ್ಮಿಕರಲ್ಲಿ ಸಿಲಿಕೋಸಿಸ್ ಇದ್ದದ್ದು 1940ರ ದಶಕದಲ್ಲೇ ದಾಖಲಾಗಿದೆ. ದಕ್ಷಿಣ ಆಫ್ರಿಕಾದ ಚಿನ್ನದ ಗಣಿಗಳಲ್ಲಿ ಬಹುಕಾಲ ನಡೆದ ಅಧ್ಯಯನಗಳು ಇನ್ನೊಂದು ಸಂಗತಿಯನ್ನು ತೋರಿಸಿವೆ: ಕೆಲಸ ಬಿಟ್ಟು ವರ್ಷಗಳಾದ ಮೇಲೂ ಕ್ಷಯದ ಅಪಾಯ ಇಳಿಯುವುದಿಲ್ಲ. 2001ರ ಫೆಬ್ರವರಿಯಲ್ಲಿ ಗಣಿ ಮುಚ್ಚಿತು, ಶ್ವಾಸಕೋಶಕ್ಕೆ ಇಳಿದ ದೂಳು ಮಾತ್ರ ಅಲ್ಲೇ ಉಳಿದಿದೆ. ಅದರ ಮೇಲೆ ಕ್ರಷರ್‌ನ ದೂಳೂ ಸೇರಿದೆ.

ಮಾವನವರಿಗೆ ಸಿಲಿಕೋಸಿಸ್ ಇದೆಯೇ ಎಂಬುದನ್ನು ಪತ್ರ ಓದಿ ನಾನು ಹೇಳಲಾರೆ. ಎದೆಯ ಎಕ್ಸ್‌-ರೇ ಮತ್ತು ಅಗತ್ಯ ಬಿದ್ದರೆ ಸಿಟಿ ಸ್ಕ್ಯಾನ್ ಅದನ್ನು ಹೇಳಬೇಕು. ಎರಡೂ ಕಾಯಿಲೆಗಳು ಶ್ವಾಸಕೋಶದ ಮೇಲ್ಭಾಗವನ್ನೇ ಹೆಚ್ಚಾಗಿ ಹಿಡಿಯುವುದರಿಂದ ಚಿತ್ರದಲ್ಲಿ ಒಂದನ್ನೊಂದು ಹೋಲುತ್ತವೆ. ಹೀಗಾಗಿ ಎಕ್ಸ್‌-ರೇ ಓದುವವರಿಗೆ ರೋಗಿಯ ಹಳೆಯ ಕೆಲಸ ಏನೆಂದು ತಿಳಿದಿರಲೇಬೇಕು. ಕಂಪ್ಯೂಟರಿನಿಂದಲೇ ಎಕ್ಸ್‌-ರೇ ಓದಿಸುವ ತಂತ್ರಾಂಶಗಳು ಈಚೆಗೆ ಶಿಬಿರಗಳಿಗೂ ಬಂದಿವೆ, 2021ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಅವನ್ನು ತಪಾಸಣೆಗೆ ಬಳಸಬಹುದೆಂದು ಹೇಳಿದೆ. ದೂಳಿನ ಗಂಟುಗಳಿರುವ ಎದೆಯನ್ನು ಓದುವಾಗ ಮಾತ್ರ ಅವೂ ತಡವರಿಸುತ್ತವೆ. ಹಳೆಯ ಎಕ್ಸ್‌-ರೇ ಎಲ್ಲಾದರೂ ಸಿಕ್ಕರೆ, ಗಣಿಯ ಕಾಲದ್ದಾದರೂ ಸರಿ, ಒಯ್ದು ತೋರಿಸಿ. ಆಗಲೂ ಇದ್ದ ಕಲೆ ಯಾವುದು, ಈಗ ಹೊಸದಾಗಿ ಬಂದದ್ದು ಯಾವುದು ಎಂದು ತಿಳಿಯಲು ಅದಕ್ಕಿಂತ ಒಳ್ಳೆಯ ಸಾಕ್ಷಿ ಸಿಗುವುದಿಲ್ಲ.

ಇನ್ನು ಅವಧಿಯ ಪ್ರಶ್ನೆ. ಆರು ತಿಂಗಳನ್ನು ನಾಲ್ಕಕ್ಕೆ ಇಳಿಸುವ ಪ್ರಯತ್ನ ಇಂದಿನದಲ್ಲ. 2014ರಲ್ಲಿ ಮೂರು ದೊಡ್ಡ ಪ್ರಯೋಗಗಳ ಫಲಿತಾಂಶ ಒಟ್ಟಿಗೆ ಹೊರಬಂದಾಗ ಮೂರರಲ್ಲೂ ನಾಲ್ಕು ತಿಂಗಳ ಗುಂಪಿನಲ್ಲಿ ಕಾಯಿಲೆ ಮರುಕಳಿಸಿದ್ದು ಹೆಚ್ಚಾಗಿತ್ತು. ಕಫದಲ್ಲಿ ಬ್ಯಾಕ್ಟೀರಿಯಾ ಬೇಗ ಮಾಯವಾಗಿತ್ತು, ರೋಗಿಗಳು ಚೇತರಿಸಿಕೊಂಡಿದ್ದರು, ಮಾತ್ರೆ ನಿಲ್ಲಿಸಿದ ಮೇಲೆ ಮತ್ತೆ ಬಂತು. ಬಳಿಕ 2021ರಲ್ಲಿ ಪ್ರಕಟವಾದ ಪ್ರಯೋಗ ಗೆದ್ದಿತು. 13 ದೇಶಗಳ 2,516 ಮಂದಿಯ ಮೇಲೆ ನಡೆದ ಅದರಲ್ಲಿ ರಿಫಾಪೆಂಟಿನ್ ಮತ್ತು ಮಾಕ್ಸಿಫ್ಲಾಕ್ಸಾಸಿನ್ ಸೇರಿದ ನಾಲ್ಕು ತಿಂಗಳ ಚಿಕಿತ್ಸೆ ಆರು ತಿಂಗಳ ಚಿಕಿತ್ಸೆಗೆ ಸರಿಸಮವಾಗಿ ನಿಂತಿತು. ನೀವು ಓದಿದ್ದು ಇದರ ಸುದ್ದಿ. ಈ ಚಿಕಿತ್ಸೆ 40 ಕೆ.ಜಿ.ಗಿಂತ ಕಡಿಮೆ ತೂಕದವರಿಗಲ್ಲ. ನಿಮ್ಮ ಮಾವನವರು ಆ ಗೆರೆಯ ಮೇಲೆಯೇ ಇದ್ದಾರೆ. ನಮ್ಮ ರಾಷ್ಟ್ರೀಯ ಕಾರ್ಯಕ್ರಮದ ಸಾಮಾನ್ಯ ಚಿಕಿತ್ಸೆ ಇಂದಿಗೂ ಆರು ತಿಂಗಳದ್ದು. ಎರಡು ತಿಂಗಳ ಸುದ್ದಿಯ ಮೂಲ 2023ರ ಇನ್ನೊಂದು ಪ್ರಯೋಗ. ಅಲ್ಲಿ ಎರಡು ತಿಂಗಳಿಗೆ ಮಾತ್ರೆ ನಿಲ್ಲಿಸಿ, ರೋಗಿಗಳನ್ನು ಬಿಗಿಯಾಗಿ ಗಮನಿಸುತ್ತ, ಮರುಕಳಿಸಿದವರಿಗೆ ಮತ್ತೆ ಪೂರ್ಣ ಚಿಕಿತ್ಸೆ ಕೊಡಲಾಯಿತು. ಒಟ್ಟು ಯೋಜನೆಯಾಗಿ ಅದು ಸಫಲವೆನಿಸಿತು. ಆದರೆ ಎರಡು ತಿಂಗಳಿಗೆ ಎಲ್ಲರಿಗೂ ವಾಸಿಯಾಯಿತು ಎಂಬುದು ಅದರ ಅರ್ಥವಲ್ಲ, ಅಂಥ ಬಿಗಿ ನಿಗಾ ನಮ್ಮ ತಾಲ್ಲೂಕುಗಳಲ್ಲಿ ಸದ್ಯಕ್ಕೆ ಸಾಧ್ಯವೂ ಇಲ್ಲ.

ಇದರ ನಡುವೆ ಬಂದ 2018ರ ವಿಶ್ಲೇಷಣೆಯೊಂದು ನನ್ನ ದೃಷ್ಟಿಯಲ್ಲಿ ಇವೆಲ್ಲಕ್ಕಿಂತ ಮಹತ್ವದ್ದು. 2014ರ ಸೋತ ಪ್ರಯೋಗಗಳ ಅಂಕಿಅಂಶಗಳನ್ನು ಮತ್ತೆ ಒಟ್ಟುಗೂಡಿಸಿ ನೋಡಿದಾಗ, ಕಾಯಿಲೆ ಸೌಮ್ಯವಾಗಿದ್ದವರಿಗೆ ನಾಲ್ಕು ತಿಂಗಳೇ ಸಾಕಾಗಿತ್ತು, ತೀವ್ರವಾಗಿದ್ದವರಿಗೆ ಆರು ತಿಂಗಳೂ ಕಡಿಮೆಯಾಗಿತ್ತು. ಎಲ್ಲರಿಗೂ ಒಂದೇ ಅವಧಿ ಎಂಬುದು ಕಾರ್ಯಕ್ರಮ ನಡೆಸುವವರ ಅನುಕೂಲಕ್ಕೆ ಬಂದದ್ದು, ಕಾಯಿಲೆಯ ಸ್ವಭಾವದಿಂದ ಬಂದದ್ದಲ್ಲ. ಸಿಲಿಕೋಸಿಸ್ ಇದ್ದವರ ಬಗ್ಗೆಯಂತೂ ಹಾಂಗ್‌ಕಾಂಗ್‌ನಲ್ಲಿ ನಡೆದು 1991ರಲ್ಲಿ ಪ್ರಕಟವಾದ ಪ್ರತ್ಯೇಕ ಪ್ರಯೋಗವೇ ಇದೆ: ಆರು ತಿಂಗಳ ಚಿಕಿತ್ಸೆ ಪಡೆದವರಲ್ಲಿ ಮೂರು ವರ್ಷದೊಳಗೆ ಶೇ 22ರಷ್ಟು ಮಂದಿಗೆ ಕ್ಷಯ ಮರುಕಳಿಸಿದರೆ, ಎಂಟು ತಿಂಗಳು ಪಡೆದವರಲ್ಲಿ ಅದು ಶೇ 7ಕ್ಕೆ ಇಳಿಯಿತು. ಅಲ್ಲಿ ವಾರಕ್ಕೆ ಮೂರು ದಿನ ಔಷಧಿ ಕೊಟ್ಟಿದ್ದರು, ಈಗ ಪ್ರತಿದಿನ ಕೊಡುವುದರಿಂದ ಆ ಸಂಖ್ಯೆಗಳನ್ನು ಹಾಗೆಹಾಗೇ ಇಲ್ಲಿಗೆ ತರುವಂತಿಲ್ಲ. ಆದರೂ ಸಿಲಿಕೋಸಿಸ್ ಖಚಿತವಾದರೆ ಆರು ತಿಂಗಳ ಮೇಲೆ ಇನ್ನೆರಡು ತಿಂಗಳು ಮುಂದುವರಿಸುವುದು ಒಳ್ಳೆಯದೆಂಬ ಅಭಿಪ್ರಾಯ ತಜ್ಞರಲ್ಲಿದೆ, ನನ್ನದೂ ಅದೇ. ಇದನ್ನು ಆರನೆಯ ತಿಂಗಳ ಕೊನೆಯ ದಿನ ಕೇಳಬೇಡಿ. ಎರಡನೆಯ ತಿಂಗಳ ಕಫ ಪರೀಕ್ಷೆಗೆ ಹೋದಾಗಲೇ ಜಿಲ್ಲಾ ಆಸ್ಪತ್ರೆಯ ಎದೆರೋಗ ತಜ್ಞರ ಮುಂದೆ ಎಕ್ಸ್‌-ರೇ ಇಟ್ಟು ತೀರ್ಮಾನ ಪಡೆಯಿರಿ. ಆಗಲೂ ಕಫದಲ್ಲಿ ಬ್ಯಾಕ್ಟೀರಿಯಾ ಕಂಡರೆ ಕ್ಷಯದ ಇನ್ನೊಂದು ಮುಖ್ಯ ಔಷಧಿಯಾದ ಐಸೊನಯಾಜಿಡ್‌ಗೆ ಪ್ರತಿರೋಧ ಇದೆಯೇ ಎಂದು ನೋಡಿಸಬೇಕು. ನಿಮಗೆ ಈಗ ಬಂದಿರುವ ವರದಿ ರಿಫಾಂಪಿಸಿನ್ ಬಗ್ಗೆ ಮಾತ್ರ ಹೇಳುತ್ತದೆ.

ಸಕ್ಕರೆ ಕಾಯಿಲೆ ಕ್ಷಯದ ಅಪಾಯವನ್ನು ಎರಡು ಮೂರು ಪಟ್ಟು ಹೆಚ್ಚಿಸುತ್ತದೆ, ವಾಸಿಯಾಗುವುದನ್ನೂ ನಿಧಾನಿಸುತ್ತದೆ. ರಿಫಾಂಪಿಸಿನ್ ಯಕೃತ್ತನ್ನು ಚುರುಕುಗೊಳಿಸಿ ಗ್ಲಿಮೆಪಿರೈಡ್‌ನಂಥ ಸಕ್ಕರೆ ಮಾತ್ರೆಗಳನ್ನು ಬೇಗ ಕರಗಿಸಿಬಿಡುವುದರಿಂದ, ಇದುವರೆಗೆ ಹಿಡಿತದಲ್ಲಿದ್ದ ಸಕ್ಕರೆ ಈಗ ಏರಬಹುದು. ವಾರಕ್ಕೊಮ್ಮೆಯಾದರೂ ನೋಡಿಸಿ, ಬೇಕಾದರೆ ಇನ್ಸುಲಿನ್‌ಗೆ ಹಿಂಜರಿಯಬೇಡಿ. ಚಿಕಿತ್ಸೆ ಮುಗಿದು ರಿಫಾಂಪಿಸಿನ್ ನಿಂತ ಮೇಲೆ ಇದೇ ಲೆಕ್ಕ ತಿರುಗುಮುರುಗಾಗಿ, ಹೆಚ್ಚಿಸಿದ ಮಾತ್ರೆಯಿಂದ ಸಕ್ಕರೆ ಒಮ್ಮೆಲೇ ಕುಸಿಯುವ ಸಂಭವವಿದೆ. ಮೂತ್ರ ಕೇಸರಿ ಕೆಂಪಾಗುವುದಕ್ಕೆ ಹೆದರಬೇಕಿಲ್ಲ. ಕಣ್ಣು ಹಳದಿಯಾದರೆ, ವಾಂತಿ ನಿಲ್ಲದಿದ್ದರೆ, ದೃಷ್ಟಿ ಮಸುಕಾದರೆ ಅಥವಾ ಕೆಂಪು ಹಸಿರು ಬಣ್ಣಗಳು ಬೇರೆಯಾಗಿ ತೋರಿದರೆ ಮಾತ್ರ ಮಾರನೆಯ ದಿನದವರೆಗೆ ಕಾಯದೆ ಆಸ್ಪತ್ರೆಗೆ ಕರೆದೊಯ್ಯಿರಿ.

ಹೊಸ ಸಂಶೋಧನೆಯಿಂದ ನಿಮ್ಮ ಮನೆಗೆ ನೇರವಾಗಿ ಲಾಭವಾಗುವುದು ಯಾವುದು ಎಂದು ಕೇಳಿದ್ದರೆ ನಾನು ಮೊದಲು ಹೇಳುತ್ತಿದ್ದದ್ದು ಊಟದ ಬಗ್ಗೆ. ನೀವು ಕೊಟ್ಟ ಎತ್ತರ ಮತ್ತು ತೂಕದ ಪ್ರಕಾರ ಮಾವನವರ ಬಿಎಂಐ (ಎತ್ತರಕ್ಕೆ ತಕ್ಕ ತೂಕವಿದೆಯೇ ಎಂದು ನೋಡುವ ಅಳತೆ) ಸುಮಾರು 15.5. ಹದಿನೆಂಟೂವರೆಗಿಂತ ಕಡಿಮೆ ಇದ್ದರೇ ಅದು ಅಪೌಷ್ಟಿಕತೆ. ಹದಿನಾರಕ್ಕಿಂತ ಕೆಳಗಿದ್ದರೆ ತೀವ್ರ ಅಪೌಷ್ಟಿಕತೆ. ಮಂಗಳೂರಿನ ಯೆನೆಪೋಯ ವೈದ್ಯಕೀಯ ಕಾಲೇಜಿನ ಡಾ. ಅನುರಾಗ್ ಭಾರ್ಗವ ಮತ್ತು ಡಾ. ಮಾಧವಿ ಭಾರ್ಗವ ಅವರ ಮುಂದಾಳತ್ವದಲ್ಲಿ ಜಾರ್ಖಂಡ್‌ನ ನಾಲ್ಕು ಜಿಲ್ಲೆಗಳಲ್ಲಿ ನಡೆದು 2023ರಲ್ಲಿ ಪ್ರಕಟವಾದ ‘ರೇಷನ್ಸ್’ ಎಂಬ ಪ್ರಯೋಗದಲ್ಲಿ 2,800 ಕ್ಷಯ ರೋಗಿಗಳಿದ್ದರು. ಅವರಲ್ಲಿ ಐವರಲ್ಲಿ ನಾಲ್ವರಿಗಿಂತ ಹೆಚ್ಚು ಮಂದಿ ಅಪೌಷ್ಟಿಕರಾಗಿದ್ದರು. ಎಲ್ಲ ರೋಗಿಗಳಿಗೂ ತಿಂಗಳಿಗೆ 10 ಕೆ.ಜಿ.ಯ ಆಹಾರದ ಚೀಲ ಕೊಡಲಾಯಿತು. ಅದರಿಂದ ದಿನಕ್ಕೆ 1,200 ಕ್ಯಾಲೊರಿ ಮತ್ತು 52 ಗ್ರಾಂ ಪ್ರೊಟೀನ್ ಹೆಚ್ಚುವರಿಯಾಗಿ ದೊರೆಯುತ್ತಿತ್ತು. ಮೊದಲ ಎರಡು ತಿಂಗಳಲ್ಲಿ ತೂಕ ಶೇ 5ರಷ್ಟು ಏರಿದವರಲ್ಲಿ ಸಾವಿನ ಅಪಾಯ ಶೇ 61ರಷ್ಟು ಕಡಿಮೆಯಿತ್ತು. ಕಾಯಿಲೆ ಹಗುರವಾಗಿದ್ದವರ ತೂಕ ತಾನಾಗಿಯೇ ಬೇಗ ಏರಿದ್ದಿರಬಹುದು ಎಂಬ ಆಕ್ಷೇಪಕ್ಕೆ ಇಲ್ಲಿ ಅವಕಾಶವಿದೆ. ರೋಗಿಯ ಮನೆಮಂದಿಯ ಮೇಲೆ ನಡೆದ ಭಾಗಕ್ಕೆ ಆ ಆಕ್ಷೇಪವಿಲ್ಲ. ಅಲ್ಲಿ 10,345 ಜನರನ್ನು ಎರಡು ಗುಂಪು ಮಾಡಿ, ಒಂದು ಗುಂಪಿನ ಪ್ರತಿಯೊಬ್ಬರಿಗೂ ಅಕ್ಕಿ ಬೇಳೆಗಳ ಚೀಲವನ್ನೂ ಸೂಕ್ಷ್ಮ ಪೋಷಕಾಂಶಗಳನ್ನೂ ಕೊಟ್ಟು ನೋಡಿದಾಗ ಹೊಸದಾಗಿ ಕ್ಷಯ ಬರುವುದು ಆ ಗುಂಪಿನಲ್ಲಿ ಶೇ 39ರಷ್ಟು ಕಡಿಮೆಯಾಯಿತು. ಕ್ಷಯದ ಔಷಧಿಯಿಲ್ಲದೆ, ಬರೀ ಪೋಷಣೆಯಿಂದ.

ಮಾವನವರ ಲೆಕ್ಕದಲ್ಲಿ ಶೇ 5 ಎಂದರೆ ಎರಡು ಕೆ.ಜಿ. ಎರಡನೆಯ ತಿಂಗಳು ಮುಗಿಯುವ ಹೊತ್ತಿಗೆ ತಕ್ಕಡಿ 43 ತೋರಿಸಬೇಕು. ಮುದ್ದೆ ಇರಲಿ, ಆದರೆ ರಾಗಿಯಲ್ಲಿ ಪ್ರೊಟೀನ್ ಕಡಿಮೆ, ಮುದ್ದೆ ಮೂರಾದರೆ ಸಕ್ಕರೆಯೂ ಏರುತ್ತದೆ. ಈಗ ಉಣ್ಣುವ ಊಟದ ಜೊತೆಗೆ ದಿನಕ್ಕೆ ಅರ್ಧ ಲೀಟರ್ ಹಾಲು, ಎರಡು ಮೊಟ್ಟೆ, ಒಂದು ಹಿಡಿ ತುಂಬ ಅಂದರೆ 50 ಗ್ರಾಂ ಕಡಲೆಕಾಯಿ ಬೀಜ, 50 ಗ್ರಾಂ ಹೆಚ್ಚುವರಿ ಬೇಳೆ ಅಥವಾ ಹುರುಳಿ ಸೇರಿಸಿ. ಇಷ್ಟರಿಂದ ಪ್ರೊಟೀನ್ 50 ಗ್ರಾಂ ಹತ್ತಿರ ಬರುತ್ತದೆ, ಕ್ಯಾಲೊರಿ ಸುಮಾರು 900. ಸಾರಿನ ತಿಳಿ ಮಾತ್ರ ಬಡಿಸದೆ ಹುರುಳಿ ಕಾಳನ್ನೂ ರುಬ್ಬಿ ಬಡಿಸಿ. ನಮ್ಮ ಜಿಲ್ಲೆಯಲ್ಲಿ ಹಸು ಕಟ್ಟಿದ ಮನೆಗಳಲ್ಲೂ ಕರೆದ ಹಾಲೆಲ್ಲ ಡೇರಿಗೆ ಹೋಗಿ ಮನೆಗೆ ಟೀಗಷ್ಟೇ ಉಳಿಯುವುದನ್ನು ನೋಡಿದ್ದೇನೆ. ಈ ಕೆಲವು ತಿಂಗಳಾದರೂ ಅರ್ಧ ಲೀಟರ್ ಮನೆಯಲ್ಲೇ ಇಟ್ಟುಕೊಳ್ಳಿ. ಮೂತ್ರಪಿಂಡದ ತೊಂದರೆ ಇದೆ ಎಂದು ವೈದ್ಯರು ಹೇಳಿದ್ದರೆ ಮಾತ್ರ ಈ ಪ್ರಮಾಣವನ್ನು ಅವರನ್ನು ಕೇಳಿಯೇ ನಿಗದಿ ಮಾಡಿ. ನಿಕ್ಷಯ್ ಪೋಷಣ್ ಯೋಜನೆಯಲ್ಲಿ ರೋಗಿಯ ಬ್ಯಾಂಕ್ ಖಾತೆಗೆ ಬರುವ ಸಹಾಯಧನ 2024ರ ನವೆಂಬರ್‌ನಿಂದ ತಿಂಗಳಿಗೆ 500 ರೂಪಾಯಿಯಿಂದ 1,000 ರೂಪಾಯಿಗೆ ಏರಿದೆ. ಖಾತೆಯ ವಿವರ ಸೇರಿದೆಯೇ ಎಂದು ಆರೋಗ್ಯ ಕೇಂದ್ರದಲ್ಲಿ ವಿಚಾರಿಸಿ. ತೂಕ ಏರಿದಂತೆ ಮಾತ್ರೆಯೂ ಬದಲಾಗುತ್ತದೆ: 35ರಿಂದ 49 ಕೆ.ಜಿ.ವರೆಗೆ ದಿನಕ್ಕೆ ಮೂರು, 50 ದಾಟಿದರೆ ನಾಲ್ಕು. ಆದ್ದರಿಂದ ಪ್ರತಿ ತಿಂಗಳೂ ತೂಕ ನೋಡಿಸಿ ಕಾರ್ಡಿನಲ್ಲಿ ಬರೆಸಿ.

ಮನೆಯವರ ವಿಷಯದಲ್ಲಿ ಮಗಳದ್ದೇ ಮೊದಲ ಸರದಿ. ಐದು ವರ್ಷದೊಳಗಿನ ಮಕ್ಕಳಲ್ಲಿ ಸೋಂಕು ಬೇಗ ಕಾಯಿಲೆಯಾಗುತ್ತದೆ, ಮಿದುಳಿಗೂ ಹರಡಬಹುದು. ಈ ವಾರವೇ ಮಕ್ಕಳ ವೈದ್ಯರಿಗೆ ತೋರಿಸಿ. ಜ್ವರ, ಕೆಮ್ಮು, ತೂಕ ನಿಂತುಹೋಗಿರುವುದು, ಕುತ್ತಿಗೆಯಲ್ಲಿ ಗಂಟು ಇವು ಯಾವುವೂ ಇಲ್ಲ, ಕ್ಷಯ ಇಲ್ಲ ಎಂದು ಖಚಿತವಾದರೆ ತಡೆ ಚಿಕಿತ್ಸೆ ಶುರುವಾಗಬೇಕು. ಅದು ಆರು ತಿಂಗಳು ದಿನಕ್ಕೊಮ್ಮೆ ಐಸೊನಯಾಜಿಡ್ ಇರಬಹುದು, ಅಥವಾ ಎರಡು ವರ್ಷ ದಾಟಿದ ಮಕ್ಕಳಿಗೂ ದೊಡ್ಡವರಿಗೂ ಕೊಡುವ ವಾರಕ್ಕೊಮ್ಮೆಯಂತೆ 12 ವಾರದ ಐಸೊನಯಾಜಿಡ್ ಮತ್ತು ರಿಫಾಪೆಂಟಿನ್ ಇರಬಹುದು. ಈ ಎರಡನೆಯದನ್ನು 2011ರ ಪ್ರಯೋಗದಲ್ಲಿ ಒಂಬತ್ತು ತಿಂಗಳ ದಿನನಿತ್ಯದ ಮಾತ್ರೆಯೊಂದಿಗೆ ಹೋಲಿಸಿದಾಗ ಫಲ ಕಡಿಮೆಯಾಗಲಿಲ್ಲ, ಪೂರ್ತಿ ಮುಗಿಸಿದವರು ಶೇ 69ರ ಬದಲು ಶೇ 82ರಷ್ಟಿದ್ದರು. ಹಾಗೊಮ್ಮೆ ಮಗುವಿಗೆ ಸೌಮ್ಯ ಕ್ಷಯ ಇರುವುದು ಪತ್ತೆಯಾದರೂ ಧೈರ್ಯಗೆಡಬೇಡಿ. ಭಾರತವೂ ಸೇರಿದಂತೆ ನಾಲ್ಕು ದೇಶಗಳ 1,204 ಮಕ್ಕಳ ಮೇಲೆ ನಡೆದು 2022ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಅಂಥ ಮಕ್ಕಳಿಗೆ ನಾಲ್ಕು ತಿಂಗಳ ಚಿಕಿತ್ಸೆ ಆರು ತಿಂಗಳಷ್ಟೇ ಫಲ ಕೊಟ್ಟಿದೆ. ನೀವು ತಾತನಿಗೆಂದು ಕೇಳಿದ ನಾಲ್ಕು ತಿಂಗಳು ಮೊಮ್ಮಗಳ ವಯಸ್ಸಿನವರಿಗೆ ಹೊಂದುತ್ತದೆ.

ನೀವಿಬ್ಬರು ಮತ್ತು ಅತ್ತೆಯವರು ಕೆಮ್ಮಿಲ್ಲದಿದ್ದರೂ ಎದೆಯ ಎಕ್ಸ್‌-ರೇ ತೆಗೆಸಿಕೊಳ್ಳಿ. 2019ರಿಂದ 2021ರವರೆಗೆ ನಡೆದ ರಾಷ್ಟ್ರೀಯ ಸಮೀಕ್ಷೆಯಲ್ಲಿ ಎಕ್ಸ್‌-ರೇ ತೆಗೆಯದೆ ಬರೀ ಲಕ್ಷಣ ಕೇಳಿದ್ದರೆ ಶೇ 42.6ರಷ್ಟು ಕ್ಷಯ ಪ್ರಕರಣಗಳು ಕೈತಪ್ಪಿ ಹೋಗುತ್ತಿದ್ದವು. ಕ್ಷಯ ಇಲ್ಲವೆಂದಾದರೆ ನಿಮಗೂ ತಡೆ ಚಿಕಿತ್ಸೆ ದೊರೆಯುತ್ತದೆ, ಅದು ಉಚಿತ. ಗರ್ಭಿಣಿಯಾಗಿದ್ದರೆ ಅಥವಾ ಗರ್ಭನಿರೋಧಕ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಮುಚ್ಚಿಡದೆ ಹೇಳಿ. ಹನ್ನೆರಡು ವಾರದ ಮಾತ್ರೆಯನ್ನು ಗರ್ಭಿಣಿಯರಿಗೆ ಕೊಡುವುದಿಲ್ಲ, ಅದು ಗರ್ಭನಿರೋಧಕವನ್ನೂ ನಿಷ್ಫಲಗೊಳಿಸುತ್ತದೆ. ಅತ್ತೆಯವರಿಗೆ ಸಕ್ಕರೆ ಪರೀಕ್ಷೆ ಆಗಿಲ್ಲದಿದ್ದರೆ ಅದೇ ದಿನ ಮಾಡಿಸಿ. ಮಾವನವರ ಚಿಕಿತ್ಸೆ ಆರು ತಿಂಗಳಿಗೆ ಮುಗಿದರೂ ಎಂಟಕ್ಕೆ ಮುಗಿದರೂ ಅನಂತರದ ಎರಡು ವರ್ಷ ಆರು ತಿಂಗಳಿಗೊಮ್ಮೆ ಅವರ ಕಫ ಪರೀಕ್ಷೆಯಾಗಬೇಕು. ಗಣಿಯಲ್ಲಿ ದುಡಿದವರಿಗೆ ಮರುಕಳಿಸುವ ಸಂಭವ ಹೆಚ್ಚಿರುವುದರಿಂದ ಆ ದಿನಾಂಕಗಳನ್ನು ಆಶಾ ಕಾರ್ಯಕರ್ತೆಯಿಂದ ಈಗಲೇ ಬರೆಸಿಟ್ಟುಕೊಳ್ಳಿ.